ಟೆಲಿಫೋನಿನ ಈಚೆಯ ತುದಿ

ಪಕ್ಕದಲ್ಲಿ ಯಾರೋ ಟೆಲಿಫೋನಿನಲ್ಲಿ ಮಾತನಾಡುತ್ತಿರುವಾಗ ಕಿವಿಗೊಡದೆ ಇರಬಲ್ಲವರು ಯಾರು? ಆಚೆಯವರ ದನಿ ಕೇಳಿಸದು. ಈಚೆಯವರ ‘ಹೌದೆ?’, ‘ಏನೆಂದಿರಿ?’, ‘ಅಯ್ಯೋ, ಅದು ಬೇಡ’ ಎಂಬ ತುಣುಕುಗಳಿಂದಲೇ ಕೇಳುವವನು ಇಡೀ ಪ್ರಸಂಗವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾನೆ. ಈ ಸಣ್ಣ ಕುತೂಹಲವನ್ನೇ ಬಂಡವಾಳ ಮಾಡಿಕೊಂಡು ಅಮೆರಿಕದ ಜನರನ್ನು ನಗಿಸಿದವನು ಬಾಬ್ ನ್ಯೂಹಾರ್ಟ್.

ನಗೆಗಾರನೆಂದರೆ ಕಣ್ಣಿಗೆ ಕಟ್ಟುವ ಯಾವ ಲಕ್ಷಣವೂ ಆತನಲ್ಲಿರಲಿಲ್ಲ. ವಿಚಿತ್ರ ವೇಷವಿಲ್ಲ, ಕೂಗಾಟವಿಲ್ಲ, ಮುಖ ತಿರುಚುವುದಿಲ್ಲ. ಅಚ್ಚುಕಟ್ಟಾದ ಕೋಟು, ಟೈ. ನಡುನಡುವೆ ತಡವರಿಸುವ ಮೆಲುದನಿ. ಯಾವುದೋ ಕಚೇರಿಯ ಗುಮಾಸ್ತ ದಾರಿತಪ್ಪಿ ರಂಗದ ಮೇಲೆ ಬಂದಂತೆ. ನಿಜಕ್ಕೂ ಆತ ಬಂದದ್ದು ಕಚೇರಿಯಿಂದಲೇ.

1929ರ ಸೆಪ್ಟೆಂಬರ್ 5ರಂದು ಷಿಕಾಗೋ ನಗರದ ಬಳಿಯ ಓಕ್ ಪಾರ್ಕಿನಲ್ಲಿ ಹುಟ್ಟಿದ ನ್ಯೂಹಾರ್ಟ್ 1952ರಲ್ಲಿ ಲೊಯೋಲಾ ವಿಶ್ವವಿದ್ಯಾನಿಲಯದಿಂದ ವಾಣಿಜ್ಯದ ಪದವಿ ಪಡೆದನು. ಸೈನ್ಯದ ಸೇವೆ ಮುಗಿಸಿ ಬಂದು ಲೆಕ್ಕಪತ್ರದ ಕೆಲಸಕ್ಕೆ ಸೇರಿದನು. ದಿನದ ಕೊನೆಗೆ ಚಿಲ್ಲರೆ ಲೆಕ್ಕ ತಾಳೆಯಾಗದಿದ್ದರೆ ಗಂಟೆಗಟ್ಟಲೆ ತಪ್ಪು ಹುಡುಕುವ ಬದಲು, ಕಡಮೆಯಾದ ಕಾಸನ್ನು ತನ್ನ ಜೇಬಿನಿಂದಲೇ ಹಾಕಿ ಪುಸ್ತಕ ಮುಚ್ಚುತ್ತಿದ್ದನೆಂದು ಆತನೇ ಹೇಳಿಕೊಂಡಿದ್ದಾನೆ. ಇಂಥ ಲೆಕ್ಕಿಗನನ್ನು ಲೆಕ್ಕದ ವೃತ್ತಿ ಹೆಚ್ಚು ಕಾಲ ಹಿಡಿದಿಡಲಾರದು. ನಿರುದ್ಯೋಗಿಗಳಿಗೆ ಭತ್ಯೆ ಕೊಡುವ ಕಚೇರಿಯಲ್ಲಿಯೂ ಕೆಲವು ಕಾಲ ದುಡಿದನಂತೆ. ತನ್ನ ಸಂಬಳಕ್ಕೂ ಅವರ ಭತ್ಯೆಗೂ ಹೆಚ್ಚಿನ ಅಂತರವಿಲ್ಲ, ಅವರಾದರೋ ವಾರಕ್ಕೊಮ್ಮೆ ಮುಖ ತೋರಿಸಿದರೆ ಸಾಕು ಎಂದು ತಿಳಿದಾಗ ಅದನ್ನೂ ಬಿಟ್ಟನು.

ಆಮೇಲೆ ಜಾಹೀರಾತು ಬರೆಯುವ ಕೆಲಸ. ಅಲ್ಲಿಯ ಸಹೋದ್ಯೋಗಿ ಎಡ್ ಗಲ್ಲಾಘರ್‌ನೊಡನೆ ಬೇಸರ ಕಳೆಯಲು ಟೆಲಿಫೋನಿನಲ್ಲಿ ಅಸಂಬದ್ಧ ಪ್ರಸಂಗಗಳನ್ನು ಹೂಡುವುದು ರೂಢಿಯಾಯಿತು. ಇಬ್ಬರೂ ಆ ಹರಟೆಯನ್ನು ಧ್ವನಿಮುದ್ರಿಸಿ ರೇಡಿಯೋ ಕೇಂದ್ರಗಳಿಗೆ ಕಳುಹಿಸತೊಡಗಿದರು. ಅಷ್ಟರಲ್ಲಿ ಗಲ್ಲಾಘರ್‌ಗೆ ನ್ಯೂಯಾರ್ಕಿನಲ್ಲಿ ನೌಕರಿ ದೊರೆಯಿತು, ಆತ ಹೊರಟುಹೋದನು. ತಂತಿಯ ಆಚೆಯ ತುದಿ ಬರಿದಾಯಿತು. ಇನ್ನೊಬ್ಬ ಜೊತೆಗಾರನನ್ನು ಹುಡುಕುವ ಬದಲು ನ್ಯೂಹಾರ್ಟ್ ಆ ಬರಿದನ್ನು ಹಾಗೆಯೇ ಉಳಿಸಿಕೊಂಡನು. ಒಬ್ಬನೇ ಟೆಲಿಫೋನು ಹಿಡಿದು ನಗಿಸುವುದು ಆತ ಕಂಡುಹಿಡಿದ ವಿದ್ಯೆಯೇನಲ್ಲ. ಷೆಲ್ಲಿ ಬರ್ಮನ್ ಮೊದಲಾದವರು ಮಾಡಿ ತೋರಿಸಿದ್ದರು. ಆದರೆ ಮೌನಕ್ಕೆ ನ್ಯೂಹಾರ್ಟ್ ಕೊಟ್ಟ ಅವಕಾಶವೇ ಬೇರೆ.

ಒಂದು ಪ್ರಸಂಗವನ್ನು ನೋಡಿ. ಕಾಲ 1863, ಅಧ್ಯಕ್ಷ ಲಿಂಕನ್ ಗೆಟಿಸ್‌ಬರ್ಗಿನ ಭಾಷಣಕ್ಕೆ ಸಿದ್ಧನಾಗುತ್ತಿದ್ದಾನೆ. ಈಚೆಯ ತುದಿಯಲ್ಲಿ ಆತನ ಪ್ರಚಾರದ ಹೊಣೆ ಹೊತ್ತ ಜಾಹೀರಾತಿನವನು. ಗಡ್ಡ ಬೋಳಿಸಬಾರದೆಂದು ಅಂಗಲಾಚುತ್ತಾನೆ, ಬರೆದುಕೊಟ್ಟ ಭಾಷಣವನ್ನು ತಿದ್ದಬಾರದೆಂದು ಬೇಡಿಕೊಳ್ಳುತ್ತಾನೆ. ಲಿಂಕನ್ ಏನು ಹೇಳಿದನೆಂಬುದು ನಮಗೆ ಕೇಳಿಸುವುದೇ ಇಲ್ಲ. ಆದರೂ ಆ ಮಹಾಪುರುಷನ ಹಟ, ಈ ಬಡಪಾಯಿಯ ಸಂಕಟ ಎರಡೂ ಕಾಣುತ್ತವೆ. ಹೇಳಿದ್ದಕ್ಕಿಂತ ಸೂಚಿಸಿದ್ದರಲ್ಲಿಯೇ ಸ್ವಾರಸ್ಯ ಹೆಚ್ಚೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಷಿಕಾಗೋದ ಲೆಕ್ಕಿಗ ಅದನ್ನು ಓದಿರಲಾರನು; ಕಸುಬಿನಿಂದ ಕಲಿತಿದ್ದನು.

ಧ್ವನಿಸುರುಳಿಗಳನ್ನು ಕೇಳಿದ ವಾರ್ನರ್ ಬ್ರದರ್ಸ್ ಗ್ರಾಮಫೋನ್ ಸಂಸ್ಥೆಯವರು ಪ್ರೇಕ್ಷಕರ ಮುಂದೆಯೇ ಧ್ವನಿಮುದ್ರಣ ನಡೆಯಲಿ ಎಂದರು. ಆತನೋ ಅದುವರೆಗೆ ರಾತ್ರಿಯ ಕ್ಲಬ್ಬುಗಳ ರಂಗವನ್ನು ಹತ್ತಿದವನೇ ಅಲ್ಲ! 1960ರ ಫೆಬ್ರವರಿಯಲ್ಲಿ ಹ್ಯೂಸ್ಟನ್ನಿನ ಟೈಡ್‌ಲ್ಯಾಂಡ್ಸ್ ಕ್ಲಬ್ಬಿನಲ್ಲಿ ಆತನನ್ನು ನಿಲ್ಲಿಸಿದರು. ಬಲ್ಲ ಪ್ರಸಂಗಗಳು ಮುಗಿದವು, ಚಪ್ಪಾಳೆ ನಿಲ್ಲಲಿಲ್ಲ. ಮತ್ತೆ ರಂಗಕ್ಕೆ ಹೋಗಿ, ಇವುಗಳಲ್ಲಿ ಯಾವುದನ್ನು ಇನ್ನೊಮ್ಮೆ ಹೇಳಲಿ ಎಂದು ಸಭಿಕರನ್ನೇ ಕೇಳಬೇಕಾಯಿತೆಂದು ಆತ ಮುಂದೆ ನೆನೆಯುತ್ತಿದ್ದನು. ‘ದ ಬಟನ್‌-ಡೌನ್ ಮೈಂಡ್ ಆಫ್ ಬಾಬ್ ನ್ಯೂಹಾರ್ಟ್’ ಎಂಬ ಆ ಮುದ್ರಿಕೆ ಮಾರಾಟದಲ್ಲಿ ಅಮೆರಿಕಕ್ಕೇ ಮೊದಲಿನದಾಯಿತು. 1961ರಲ್ಲಿ ಫ್ರಾಂಕ್ ಸಿನಾತ್ರನಂಥ ಗಾಯಕರನ್ನು ಹಿಂದಿಟ್ಟು ವರ್ಷದ ಶ್ರೇಷ್ಠ ಮುದ್ರಿಕೆಯೆಂಬ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು.

ಟೆಲಿವಿಷನ್ ಅಷ್ಟು ಸುಲಭವಾಗಿ ಒಲಿಯಲಿಲ್ಲ. 1961ರಲ್ಲಿ ಆರಂಭವಾದ ಆತನ ವಿನೋದ ಕಾರ್ಯಕ್ರಮಕ್ಕೆ ಎಮ್ಮಿ ಬಂತು, ಪೀಬಡಿ ಬಂತು; ಒಂದೇ ವರ್ಷಕ್ಕೆ ಕಾರ್ಯಕ್ರಮ ನಿಂತುಹೋಯಿತು. ಪ್ರಶಸ್ತಿ ಕೊಟ್ಟ ಕೈಯೇ ಬಾಗಿಲು ತೋರಿಸುವುದು ಆ ಲೋಕದಲ್ಲಿ ಹೊಸದಲ್ಲ. ಮತ್ತೆ ಕ್ಲಬ್ಬುಗಳು, ಸಣ್ಣಪುಟ್ಟ ಸಿನಿಮಾ ಪಾತ್ರಗಳು. ಹತ್ತು ವರ್ಷಗಳ ಬಳಿಕ, 1972ರಲ್ಲಿ, ‘ದ ಬಾಬ್ ನ್ಯೂಹಾರ್ಟ್ ಷೋ’ ಧಾರಾವಾಹಿಯಲ್ಲಿ ಮನಶ್ಶಾಸ್ತ್ರಜ್ಞ ಬಾಬ್ ಹಾರ್ಟ್ಲಿಯಾಗಿ ಬಂದನು. ಮನಶ್ಶಾಸ್ತ್ರಜ್ಞನ ಕೆಲಸವೇನು? ಇತರರ ಮಾತು ಕೇಳುವುದು! ಟೆಲಿಫೋನಿನ ಆಚೆಯವರು ಈಗ ಕಣ್ಣೆದುರಿಗೇ ಬಂದು ಕುಳಿತಂತಾಯಿತು. ಈ ಧಾರಾವಾಹಿ 1978ರವರೆಗೆ ನಡೆಯಿತು. ತಡವರಿಕೆಯಿಂದ ಸಮಯ ಮೀರುತ್ತಿದೆ, ಮಾತು ಬೇಗ ಮುಗಿಸಬಾರದೆ ಎಂದು ನಿರ್ಮಾಪಕನೊಬ್ಬ ಕೇಳಿದಾಗ, ಬೆವರ್ಲಿ ಹಿಲ್ಸಿನಲ್ಲಿ ತನಗೆ ಮನೆ ಕಟ್ಟಿಸಿಕೊಟ್ಟದ್ದೇ ಈ ತಡವರಿಕೆ ಎಂದನಂತೆ.

1982ರಿಂದ ‘ನ್ಯೂಹಾರ್ಟ್’ ಎಂಬ ಧಾರಾವಾಹಿಯಲ್ಲಿ ವರ್ಮಾಂಟಿನ ಹಳೆಯ ವಸತಿಗೃಹವೊಂದರ ಯಜಮಾನನ ಪಾತ್ರ. 1990ರ ಮೇ 21ರಂದು ಅದರ ಕೊನೆಯ ಕಂತು. ಗಾಲ್ಫ್ ಚೆಂಡು ತಲೆಗೆ ಬಡಿದು ಯಜಮಾನ ಬೀಳುತ್ತಾನೆ. ಕತ್ತಲು. ದೀಪ ಹತ್ತಿದಾಗ ಕಾಣುವುದು ಹಿಂದಿನ ಧಾರಾವಾಹಿಯ ಷಿಕಾಗೋ ಮಲಗುವ ಕೋಣೆ. ಪಕ್ಕದಲ್ಲಿ ಅಲ್ಲಿಯ ಹೆಂಡತಿ ಎಮಿಲಿಯಾಗಿದ್ದ ಸುಜೇನ್ ಪ್ಲೆಷೆಟ್! ಎಂಟು ವರ್ಷದ ಕಥೆಯೆಲ್ಲ ಹಾರ್ಟ್ಲಿ ಕಂಡ ಕನಸು. ಗುಟ್ಟಾಗಿ ಕಾಪಾಡಿದ್ದ ಈ ಉಪಾಯ ಹೆಂಡತಿ ಜಿನ್ನಿಯದೆಂದು ನ್ಯೂಹಾರ್ಟ್ ಹೇಳುತ್ತಿದ್ದನು.

ಅನಂತರದ ಎರಡು ಧಾರಾವಾಹಿಗಳು ಬಾಳಲಿಲ್ಲ. ನಟನೆಗಾಗಿ ಎಮ್ಮಿ ಆತನ ಕೈಸೇರಿದ್ದು 2013ರಲ್ಲಿ, 84ನೆಯ ವಯಸ್ಸಿನಲ್ಲಿ. ‘ದ ಬಿಗ್ ಬ್ಯಾಂಗ್ ಥಿಯರಿ’ಯ ಮುದಿ ‘ಪ್ರೊಫೆಸರ್ ಪ್ರೋಟಾನ್’ ಪಾತ್ರಕ್ಕೆ. 2024ರ ಜುಲೈ 18ರಂದು ಲಾಸ್ ಏಂಜಲೀಸಿನಲ್ಲಿ ತೀರಿಕೊಂಡನು.

ಷಿಕಾಗೋದಲ್ಲಿ ಡಾಕ್ಟರ್ ಹಾರ್ಟ್ಲಿಯ ಕಂಚಿನ ಪ್ರತಿಮೆಯೊಂದನ್ನು 2004ರಲ್ಲಿ ನಿಲ್ಲಿಸಿದರು. ಆತ ಕುರ್ಚಿಯಲ್ಲಿ ಕುಳಿತಿದ್ದಾನೆ. ಪಕ್ಕದಲ್ಲಿ ರೋಗಿಗಾಗಿ ಒಂದು ಮಂಚ. ಅದನ್ನು ಖಾಲಿಯಾಗಿಯೇ ಬಿಟ್ಟಿದ್ದಾರೆ. ದಾರಿಹೋಕರು ಯಾರು ಬೇಕಾದರೂ ಕುಳಿತು ಮಾತು ತೆಗೆಯಬಹುದು.