ಎರೆಮಣ್ಣು ತೆಗೆದು ಗರಸು ಹಾಕುವುದೇಕೆ? ಶಾಲೆಯ ಎದುರಿನ ನಿವೇಶನದಿಂದ ಒಂದು ವಿಜ್ಞಾನ ಪಾಠ

ಹಿನ್ನೆಲೆ

ನವಲಗುಂದ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸ ನಡೆದಿತ್ತು. ಶಾಲೆಯ ಎದುರಿಗೆ ವಾಣಿಜ್ಯ ಮಳಿಗೆಗಳಿಗಾಗಿ ನೆಲ ಸಿದ್ಧಪಡಿಸುತ್ತಿದ್ದರು. ಜೆಸಿಬಿ ಕಪ್ಪು ಮಣ್ಣನ್ನು ಅಗೆದು ತೆಗೆಯುತ್ತಿತ್ತು, ಟಿಪ್ಪರ್‌ಗಳು ಕೆಂಪು ಗರಸು ತಂದು ಸುರಿಯುತ್ತಿದ್ದವು. 8ನೇ ತರಗತಿಯ ಹುಡುಗನೊಬ್ಬ ಕೇಳಿದ: "ಟೀಚರ್, ಕಡ್ಲಿ ಬೆಳಿಯೋ ಇಂಥಾ ಚಲೋ ಎರಿ ಯಾಕ ತಗದ ಒಗಿತಾರ್ರಿ?"

"ಅದು ಮೆತ್ತಗಿನ ಮಣ್ಣು, ಭಾರ ತಡೆಯುವುದಿಲ್ಲ" ಎಂದು ಉತ್ತರಿಸಿದೆ. ಪಾಠದ ನಂತರ ಮಾರ್ಗದರ್ಶಕ ಶಿಕ್ಷಕರು ಕೇಳಿದರು: "ಬೇಸಿಗೆಯಲ್ಲಿ ಎರೆಹೆಂಟೆ ಒಡೆದು ನೋಡಿದ್ದೀರಾ? ಕಲ್ಲಿನಷ್ಟು ಗಟ್ಟಿ." ನನ್ನ ಉತ್ತರ ಅರ್ಧ ಮಾತ್ರ ಸರಿಯಾಗಿತ್ತು. ಅದನ್ನು ತಿದ್ದಿಕೊಳ್ಳಲು ಮಾಡಿದ ಸಿದ್ಧತೆಯೇ ಈ ಲೇಖನ.

ವಿಷಯ ವಿವರಣೆ

ಎರೆಮಣ್ಣಿನ ನಿಜವಾದ ತೊಂದರೆ ಮೆತ್ತಗಿರುವುದಲ್ಲ, ಒಂದೇ ಅಳತೆಯಲ್ಲಿ ನಿಲ್ಲದಿರುವುದು. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವು ಅತಿ ತೆಳುವಾದ ಪದರಗಳಿಂದ ಆಗಿದೆ. ನೀರು ಪದರಗಳ ನಡುವೆ ಹೊಕ್ಕಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಕಟ್ಟಡದ ಅಂಚಿನ ಮಣ್ಣು ಮಳೆಗೆ ನೆನೆಯುತ್ತದೆ, ನಡುವಿನದು ಅಷ್ಟು ನೆನೆಯುವುದಿಲ್ಲ. ಹೀಗೆ ಒಂದು ಕಡೆ ಏರಿ ಇನ್ನೊಂದು ಕಡೆ ಏರದಿದ್ದಾಗ ಗೋಡೆ ಸೀಳುತ್ತದೆ.

ಆದ್ದರಿಂದ ನಿವೇಶನದಲ್ಲಿ ಕೆಲಸ ಹೀಗೆ ಸಾಗುತ್ತದೆ:

1. ಬೇರು, ಕಸ ಇರುವ ಮೇಲ್ಮಣ್ಣನ್ನು ತೆಗೆಯುತ್ತಾರೆ. ಬೇರು ಕೊಳೆತರೆ ಅಲ್ಲಿ ಪೊಳ್ಳು ಉಳಿದು ನೆಲ ಕುಸಿಯುತ್ತದೆ. ಈ ಮಣ್ಣು ಹೊಲಕ್ಕೆ ಉಪಯುಕ್ತ.

2. ಎಂಜಿನಿಯರ್ ಸೂಚಿಸಿದ ಆಳದವರೆಗೆ ಎರೆಮಣ್ಣನ್ನು ಅಗೆಯುತ್ತಾರೆ. ಎರೆ ಬಹಳ ಆಳವಿರುವಲ್ಲಿ ಪೂರ್ತಿ ತೆಗೆಯಲಾಗದು. ತಳವನ್ನು ಸಮಮಾಡಿ ಅದರ ಮೇಲೆ ಉಬ್ಬದ ಮಣ್ಣಿನ ಪದರ ಹಾಕುತ್ತಾರೆ. ಉಬ್ಬದ, ಆದರೆ ಅಂಟುಗುಣವುಳ್ಳ ಮಣ್ಣಿನ ಇಂಥ ಪದರವನ್ನು ಸಂಶೋಧನೆಯಿಂದ ರೂಪಿಸಿದವರು ಮುಂಬೈ ಐಐಟಿಯ ಪ್ರೊ. ಆರ್. ಕೆ. ಕಟ್ಟಿ. ಬರೀ ಮರಳು ತುಂಬಿದರೆ ನೀರು ಅದರೊಳಗೆ ಇಳಿದು ಕೆಳಗಿನ ಎರೆಯನ್ನು ನೆನೆಸುತ್ತದೆ.

3. ಗರಸನ್ನು ಒಮ್ಮೆಲೇ ತುಂಬುವುದಿಲ್ಲ. ಸುಮಾರು 20 ಸೆಂ.ಮೀ. ಪದರ ಹರಡಿ, ನೀರು ಚಿಮುಕಿಸಿ, ರೋಲರ್ ಓಡಿಸಿ, ನಂತರ ಮುಂದಿನ ಪದರ. ದಪ್ಪ ಪದರದ ತಳಕ್ಕೆ ರೋಲರ್‌ನ ಒತ್ತಡ ಮುಟ್ಟದು. ನೀರೂ ಹದವಾಗಿರಬೇಕು. ಜೋಳದ ಹಿಟ್ಟಿಗೆ ನೀರು ಕಡಿಮೆಯಾದರೆ ರೊಟ್ಟಿ ಬಿರಿಯುತ್ತದೆ, ಹೆಚ್ಚಾದರೆ ಕೈಗೆ ಅಂಟುತ್ತದೆ. ಇಲ್ಲಿಯೂ ಹಾಗೆಯೇ. ಸ್ವಲ್ಪ ನೀರು ಕಣಗಳು ಜಾರಿ ಹತ್ತಿರವಾಗಲು ನೆರವಾಗುತ್ತದೆ, ಹೆಚ್ಚಾದ ನೀರು ಕಣಗಳ ಜಾಗವನ್ನೇ ಹಿಡಿಯುತ್ತದೆ. ಈ ಹದವನ್ನು ಪ್ರಯೋಗಾಲಯದಲ್ಲಿ ಪ್ರಾಕ್ಟರ್ ಪರೀಕ್ಷೆಯಿಂದ ಗುರುತಿಸುತ್ತಾರೆ.

4. ಕೊನೆಗೆ ಸುತ್ತಲಿನ ನೆಲಕ್ಕೆ ಕಟ್ಟಡದಿಂದ ಹೊರಗೆ ಇಳಿಜಾರು ಕೊಡುತ್ತಾರೆ. ಗೋಡೆಯ ಬುಡದಲ್ಲಿ ನೀರು ನಿಂತರೆ ಹಿಂದಿನ ಶ್ರಮವೆಲ್ಲ ವ್ಯರ್ಥ.

ತರಗತಿಯ ಚಟುವಟಿಕೆ

ಮರುವಾರ ಎರೆಮಣ್ಣನ್ನೂ ಕಲಘಟಗಿ ಕಡೆಯಿಂದ ತಂದ ಕೆಂಪು ಮಣ್ಣನ್ನೂ ಒಣಗಿಸಿ, ಪುಡಿಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದೆವು. ಎರಡು ಅಳತೆ ಜಾಡಿಗಳಿಗೆ ತಲಾ 10 ಗ್ರಾಂ ಎರೆಮಣ್ಣು ಹಾಕಿ, ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ ತುಂಬಿ, ಕಲಕಿ 24 ಗಂಟೆ ಬಿಟ್ಟೆವು. ಸೀಮೆಎಣ್ಣೆ ಧ್ರುವೀಯವಲ್ಲದ ದ್ರವ, ಅದು ಜೇಡಿಯನ್ನು ಉಬ್ಬಿಸುವುದಿಲ್ಲ. ಅದನ್ನು ಶಿಕ್ಷಕರೇ ಸುರಿಯಬೇಕು, ಹತ್ತಿರ ಬೆಂಕಿ ಇರಬಾರದು.

ಎರೆಮಣ್ಣು ನೀರಿನಲ್ಲಿ 20 ಮಿ.ಲೀ., ಸೀಮೆಎಣ್ಣೆಯಲ್ಲಿ 11 ಮಿ.ಲೀ. ತೋರಿಸಿತು. ವ್ಯತ್ಯಾಸ 9, ಅದನ್ನು 11ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 82 ಶೇಕಡಾ ಉಬ್ಬು. ಕೆಂಪು ಮಣ್ಣಿನಲ್ಲಿ ಅದೇ ಅಳತೆಗಳು 12 ಮತ್ತು 11. ಪ್ರಮಾಣಿತ ಪರೀಕ್ಷೆಗೆ 425 ಮೈಕ್ರಾನ್ ಜರಡಿ ಬೇಕು. ನಮ್ಮದು ಹೋಲಿಕೆಗಷ್ಟೇ ಎಂದು ಮಕ್ಕಳಿಗೂ ಹೇಳಿದೆ.

ನಾನು ಕಲಿತದ್ದು

ಮೊದಲು "ಹೋದ ವಾರ ನಾನು ಹೇಳಿದ್ದು ಪೂರ್ತಿ ಸರಿಯಿರಲಿಲ್ಲ" ಎಂದೆ. ಮಕ್ಕಳು ನಗಲಿಲ್ಲ, ಜಾಡಿಗಳನ್ನು ಇನ್ನಷ್ಟು ಹತ್ತಿರದಿಂದ ನೋಡಿದರು. ಯಾವಾಗಲೂ ಸುಮ್ಮನಿರುವ ಹುಡುಗಿಯೊಬ್ಬಳು ಎದ್ದು ನಿಂತಳು: "ನಮ್ಮನಿ ಗ್ವಾಡಿ ಬ್ಯಾಸಿಗ್ಯಾಗ ಬಿಡತೈತ್ರಿ, ಮಳಿಗಾಲದಾಗ ಕೂಡತೈತ್ರಿ. ಬಚ್ಚಲ ನೀರೂ ಅಲ್ಲೇ ನಿಲ್ಲತೈತಿ." ಅವಳ ಮನೆಯ ನಕ್ಷೆಯನ್ನು ಕಪ್ಪುಹಲಗೆಯ ಮೇಲೆ ಬರೆಸಿ, ನೀರು ಎತ್ತ ಹರಿಯಬೇಕೆಂದು ಎಲ್ಲರೂ ಬಾಣದ ಗುರುತು ಹಾಕಿದೆವು. ನನ್ನ ಪಾಠಯೋಜನೆಯಲ್ಲಿ ಆ ಚಟುವಟಿಕೆ ಇರಲಿಲ್ಲ. ಮುಂದಿನ ಸಲ ಪಾಠವನ್ನು ಅಲ್ಲಿಂದಲೇ ಆರಂಭಿಸುವೆ.