ನಗರದ ನದಿಗೆ ತೇಲುವ ದಡ

ಗದ್ದೆಯ ಬದುವಿನಲ್ಲಿ ಹುಲ್ಲಿದ್ದರೆ ಅದನ್ನು ಆಶ್ರಯಿಸಿ ಕಪ್ಪೆ, ಏಡಿ, ಹಕ್ಕಿಗಳು ಬದುಕುವುದನ್ನು ರೈತರು ಬಲ್ಲರು. ನದಿಯ ದಡವೂ ಹೀಗೆಯೇ. ನೀರು ತಿಳಿಯಾಗಿದ್ದರೂ ಹಸಿರು ದಡವಿಲ್ಲದಿದ್ದರೆ ಮೀನುಮರಿಗೆ ಅಡಗಲು, ಆಮೆಗೆ ಬಿಸಿಲು ಕಾಯಲು ಸ್ಥಳವಿರುವುದಿಲ್ಲ.

ಅಮೆರಿಕದ ಷಿಕಾಗೋ ನದಿಗೆ ಒದಗಿದ ಸ್ಥಿತಿ ಇದು. ನಗರದ ಕೊಳಚೆಯು ಕುಡಿಯುವ ನೀರಿನ ಮೂಲವಾದ ಮಿಷಿಗನ್ ಸರೋವರವನ್ನು ಸೇರದಂತೆ 1900ರಲ್ಲಿ ಈ ನದಿಯ ಹರಿವನ್ನೇ ಹಿಮ್ಮುಖವಾಗಿ ತಿರುಗಿಸಲಾಯಿತು. ದಡಗಳಲ್ಲಿ ಬಹುಭಾಗಕ್ಕೆ ಉಕ್ಕಿನ ನೇರ ಗೋಡೆಗಳು ಬಂದವು. ಇಂಥ ಗೋಡೆಗಳನ್ನು ಕೀಳುವುದು ಸುಲಭವಲ್ಲ. ಆದ್ದರಿಂದ ಗೂಸ್ ದ್ವೀಪದ ಪಕ್ಕದ ಕಾಲುವೆಯಲ್ಲಿ ‘ಅರ್ಬನ್ ರಿವರ್ಸ್’ ಎಂಬ ಸಂಸ್ಥೆಯು 2017ರಲ್ಲಿ ತೇಲುವ ತೋಟಗಳನ್ನು ಅಳವಡಿಸಿತು. ‘ವೈಲ್ಡ್ ಮೈಲ್’ ಎಂಬ ಈ ತಾಣದ ಒಂದು ಭಾಗವನ್ನು 2022ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು.

ರಚನೆ

ತೇಲುವ ತೋಟಕ್ಕೆ ನೀರಿನಲ್ಲಿ ಮುಳುಗದ ಚೌಕಟ್ಟು ಬೇಕು. ಅದರ ಮೇಲೆ ತೆಂಗಿನ ನಾರಿನಂಥ ಹಾಸನ್ನು ಹರಡಿ ಸಸಿ ನೆಡುತ್ತಾರೆ. ನೀರು ಏರಿಳಿದಂತೆ ತೋಟವೂ ಏರಿಳಿಯುವಂತೆ ಸಡಿಲವಾಗಿ ಲಂಗರು ಹಾಕುತ್ತಾರೆ. ಸ್ಥಳೀಯ ಜೌಗು ಸಸ್ಯಗಳೇ ಉತ್ತಮ. ಅಮೆರಿಕದಲ್ಲಿ ಜೇಕಿನ ಜಾತಿಯ ಹುಲ್ಲುಗಳ ಜೊತೆಗೆ ನಮ್ಮ ಎಕ್ಕದ ಬಳಗದ ಮಿಲ್ಕ್‌ವೀಡ್ ಗಿಡ ಇದಕ್ಕೆ ಒಪ್ಪುತ್ತದೆ. ಮೊನಾರ್ಕ್ ಚಿಟ್ಟೆಯ ಹುಳುವಿಗೆ ಅದರ ಎಲೆಯೇ ಆಹಾರ.

ಪ್ರಯೋಜನ

ಬೇರುಗಳು ಹಾಸಿನಿಂದ ಕೆಳಗಿಳಿದು ನೀರಿನಲ್ಲಿ ಜೋತುಬೀಳುತ್ತವೆ. ಅವುಗಳ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ನೀರಿನ ಕಶ್ಮಲವನ್ನು ಒಡೆಯುತ್ತವೆ. ಗಿಡಗಳು ಸಾರಜನಕ, ರಂಜಕಗಳನ್ನು ಹೀರುತ್ತವೆ. ಬೇರಿನ ಗೊಂಚಲಿನಲ್ಲಿ ಜಲಕೀಟಗಳು ನೆಲೆಸುತ್ತವೆ. ಕೀಟಗಳನ್ನು ತಿನ್ನಲು ಮೀನು, ಮೀನಿಗಾಗಿ ಬಕಪಕ್ಷಿ ಬರುತ್ತವೆ. ಹೀಗೆ ಕಡಿದುಹೋದ ಆಹಾರ ಸರಪಣಿ ಮತ್ತೆ ಕೂಡಿಕೊಳ್ಳುತ್ತದೆ.

ಗಮನಿಸಬೇಕಾದ ಅಂಶಗಳು

1. ಎಳೆಯ ಸಸಿಗಳನ್ನು ಬಾತುಗಳು ಕಿತ್ತು ತಿನ್ನದಂತೆ ಬಲೆ ಕಟ್ಟಬೇಕು.
2. ಒಣಗಿದ ಸೊಪ್ಪು ಕೊಳೆತರೆ ಹೀರಿದ ಸಾರ ಪುನಃ ನೀರಿಗೇ ಸೇರುತ್ತದೆ. ಅದನ್ನು ಕಾಲಕಾಲಕ್ಕೆ ಕೊಯ್ದು ಹೊರಸಾಗಿಸಬೇಕು.
3. ನೀರನ್ನು ಪೂರ್ತಿ ಮುಚ್ಚಬಾರದು. ಬೆಳಕು, ಗಾಳಿ ಸಿಗದೆ ಕೆಳಗೆ ಆಮ್ಲಜನಕ ಕುಗ್ಗಿ ಮೀನು ಸಾಯಬಹುದು.
4. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪನ್ನು ಆಹಾರಕ್ಕಾಗಲಿ ಮೇವಿಗಾಗಲಿ ಬಳಸಬಾರದು. ಅದರಲ್ಲಿ ಸೀಸ, ಕ್ಯಾಡ್ಮಿಯಂಗಳಂಥ ಭಾರಲೋಹಗಳು ಸೇರಿರಬಹುದು.

ತೇಲುವ ತೋಟವು ಕೊಳಚೆ ಶುದ್ಧೀಕರಣ ಘಟಕಕ್ಕೆ ಬದಲಿಯಲ್ಲ. ಕಾರ್ಖಾನೆಯ ವಿಷವನ್ನೂ ಊರಿನ ಚರಂಡಿಯನ್ನೂ ನದಿಗೆ ಬಿಡುತ್ತ ಮೇಲೆ ಹೂಗಿಡ ತೇಲಿಬಿಟ್ಟರೆ ಫಲವಿಲ್ಲ. ಮೊದಲು ಕೊಳೆ ನಿಲ್ಲಬೇಕು, ಅನಂತರ ದಡ ಮರಳಬೇಕು. ಗೋಡೆ ಕಟ್ಟದೆ ಉಳಿದಿರುವ ಹಳ್ಳಗಳ ಹಸಿರು ದಡವನ್ನು ಕಾಪಾಡಿಕೊಂಡರೆ ಇಷ್ಟು ಖರ್ಚಿನ ಅಗತ್ಯವೇ ಬೀಳದು.