ಅಟ್ಟದಲ್ಲಿ ದೊರೆತ ಗಾಳದ ರಾಟೆ

ಕಂಬದೂರಿನ ನಮ್ಮ ಹಳೆಯ ಮನೆಯ ಅಟ್ಟವನ್ನು ಕೆಲವು ವರ್ಷಗಳ ಹಿಂದೆ ಶುಚಿಗೊಳಿಸಿದೆವು. ಒಡೆದ ತೊಟ್ಟಿಲು, ತಳ ಹೋದ ಕೊಳಗ, ಗೆದ್ದಲು ಹಿಡಿದ ಪಂಚಾಂಗಗಳು, ಇವುಗಳ ನಡುವೆ ಒಂದು ಚರ್ಮದ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಅಂಗೈಯಗಲದ, ಕಪ್ಪಿಟ್ಟ ಹಿತ್ತಾಳೆಯ ಒಂದು ಚಕ್ರ. ಅದರ ಒಂದು ಬದಿಯಲ್ಲಿ ಬಿಳಿಯ ಪುಟ್ಟ ಹಿಡಿ. ತಿರುಗಿಸಿದರೆ ‘ಕಿರ್ರ್’ ಎಂಬ ಸದ್ದು. ಜೊತೆಗೆ ಪೆನ್ಸಿಲಿನ ಬರಹದ ಒಂದು ಚಿಕ್ಕ ಟಿಪ್ಪಣಿ ಪುಸ್ತಕ.

ಮಕ್ಕಳು ಚಕ್ರವನ್ನು ಆಟಿಕೆ ಎಂದರು. ಅತ್ತಿಗೆಯವರು ಹೊಲಿಗೆಯಂತ್ರದ ಭಾಗವಿರಬಹುದೆಂದರು. ಹಳೆಯ ಪಾತ್ರೆ ಕೊಳ್ಳುವವನು ತಕ್ಕಡಿಗೆ ಹಾಕಲು ಕೈ ಚಾಚಿದನು. ಎಂಬತ್ತು ದಾಟಿದ್ದ ನಮ್ಮ ಸೋದರತ್ತೆಯವರು ಮಾತ್ರ ಅದನ್ನು ಗುರುತಿಸಿದರು.

“ಅದು ನಮ್ಮ ದೊಡ್ಡಪ್ಪನ ಗಾಳದ ರಾಟೆ ಕಣಪ್ಪಾ. ಕೊಡಗಿನ ಕಾಫಿ ತೋಟದಲ್ಲಿ ಗುಮಾಸ್ತರಾಗಿದ್ದರಲ್ಲ, ಅಲ್ಲಿನ ದೊರೆ ಊರಿಗೆ ಹೋಗುವಾಗ ಕೊಟ್ಟು ಹೋದದ್ದು. ಮಾರಬೇಡ.”

ಅತ್ತೆಯ ಮಾತಿಗೆ ಕಟ್ಟುಬಿದ್ದು ರಾಟೆಯನ್ನು ಉಳಿಸಿಕೊಂಡೆ. ಆದರೆ ಅಂದು ಎರಡು ತಪ್ಪು ಮಾಡಿದೆ. ಮೊದಲನೆಯದು, ಹಬ್ಬದ ದೀಪದ ಕಂಬಗಳನ್ನು ಬೆಳಗುವಂತೆ ರಾಟೆಯನ್ನು ಹುಣಸೆಹಣ್ಣು ಮತ್ತು ಬೂದಿ ಹಾಕಿ ಫಳಫಳಿಸುವಂತೆ ತಿಕ್ಕಿದೆ. ಎರಡನೆಯದು, ಗೆದ್ದಲು ತಿಂದಿತ್ತೆಂಬ ಕಾರಣಕ್ಕೆ ಟಿಪ್ಪಣಿ ಪುಸ್ತಕವನ್ನು ಪಂಚಾಂಗಗಳ ಜೊತೆಗೆ ನೀರೊಲೆಗೆ ಹಾಕಿದೆ. ಇವುಗಳಲ್ಲಿ ದೊಡ್ಡ ತಪ್ಪು ಯಾವುದೆಂಬುದು ನನಗೆ ತಿಳಿಯಲು ಬಹುಕಾಲ ಹಿಡಿಯಿತು.

ರಾಟೆಯ ಕುಲಗೋತ್ರ

ಬೆಂಗಳೂರಿನಲ್ಲಿ ಇಂತಹ ವಸ್ತುಗಳನ್ನು ಬಲ್ಲ ಪರಿಚಿತರೊಬ್ಬರಿಗೆ ಅದನ್ನು ತೋರಿಸಿದೆ. ಮುಖಫಲಕದ ಮೇಲೆ, ಗಾಳದ ಕೋಲನ್ನು ಹಿಡಿದ ಒಂದು ಕೈಯ ಸಣ್ಣ ಮುದ್ರೆಯಿತ್ತು. ಅದನ್ನು ಕಂಡೊಡನೆ ಅವರು “ಹಾರ್ಡಿ” ಎಂದರು. ಮರುಕ್ಷಣವೇ ಹಿತ್ತಾಳೆಯ ಹೊಳಪನ್ನು ನೋಡಿ ನಿಟ್ಟುಸಿರಿಟ್ಟರು.

ಇಂಗ್ಲೆಂಡಿನ ಉತ್ತರದಂಚಿನ ನಾರ್ಥಂಬರ್ಲೆಂಡಿನಲ್ಲಿ ಆನಿಕ್ ಎಂಬ ಪಟ್ಟಣವಿದೆ. ಅಲ್ಲಿ ವಿಲಿಯಂ ಹಾರ್ಡಿ ಎಂಬವರು 1872ರಲ್ಲಿ ಬಂದೂಕಿನ ಕೆಲಸದ ಅಂಗಡಿ ತೆರೆದರು. ಸೋದರ ಜಾನ್ ಜೇಮ್ಸ್ ಜೊತೆಗೂಡಿದ ಮೇಲೆ ಆ ಅಂಗಡಿ ಗಾಳದ ಕೋಲು ಮತ್ತು ರಾಟೆಗಳಿಗೆ ಲೋಕವಿಖ್ಯಾತವಾಯಿತು. 1890ರ ದಶಕದ ಆರಂಭದಲ್ಲಿ ಅವರು ಹೊರತಂದ ‘ಪರ್ಫೆಕ್ಟ್’ ಎಂಬ ರಾಟೆ ಇಂದಿಗೂ ಸಂಗ್ರಾಹಕರ ಕಣ್ಮಣಿ. ನಮ್ಮ ಮನೆಯದೂ ಅದೇ ಜಾತಿಯದು.

ಅದರ ರಚನೆ ಸರಳವಾದುದು. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ದಾರದ ಉರುಳೆಯೂ ಒಂದೇ ಸುತ್ತು ತಿರುಗುತ್ತದೆ. ಸೈಕಲ್ಲಿನ ಗಾಲಿಯಲ್ಲಿರುವಂತೆ ಒಳಗೆ ಸಣ್ಣ ಲೋಹದ ಗುಂಡುಗಳಿರುವುದರಿಂದ ಉರುಳೆ ಹಗುರವಾಗಿ ಉರುಳುತ್ತದೆ. ಹಲ್ಲುಚಕ್ರಕ್ಕೆ ತಾಗಿದ ಪುಟ್ಟ ನಾಲಿಗೆಯೊಂದು ಅದನ್ನು ತಡೆಯುತ್ತಿರುತ್ತದೆ. ‘ಕಿರ್ರ್’ ಎಂಬ ಸದ್ದು ಅದರದೇ. ಮೀನು ಎಳೆದಾಗ ದಾರ ಬಿಟ್ಟುಕೊಡಬೇಕು. ಆದರೆ ಸಿಕ್ಕುಬೀಳುವಷ್ಟು ಬಿಡಬಾರದು. ರಾಟೆಯ ಕೆಲಸವೆಲ್ಲ ಇಷ್ಟೇ. ದೊಡ್ಡ ಮೀನು ಓಡುವಾಗ ಹಿಡಿ ಗಿರಗಿರನೆ ತಿರುಗಿ ಬೆರಳ ಗೆಣ್ಣುಗಳಿಗೆ ಬಡಿಯುವುದೂ ಉಂಟು.

ಇದು ‘ಫ್ಲೈ’ ರಾಟೆ. ಪುಕ್ಕ ಮತ್ತು ನೂಲುಗಳನ್ನು ಗಾಳಕ್ಕೆ ಸುತ್ತಿ ಮಾಡಿದ ಹುಸಿನೊಣಕ್ಕೆ ಆಂಗ್ಲರು ಫ್ಲೈ ಎನ್ನುತ್ತಾರೆ. ಅದಕ್ಕೆ ತೂಕವೇ ಇಲ್ಲ. ಆದ್ದರಿಂದ ಕಲ್ಲೆಸೆದಂತೆ ಎಸೆಯಲಾಗದು. ದಾರಕ್ಕೇ ತೂಕ ಕೊಟ್ಟು, ಚಾವಟಿ ಬೀಸಿದಂತೆ ಕೋಲನ್ನು ಬೀಸಿದರೆ, ದಾರದ ಬೆನ್ನೇರಿ ನೊಣ ನೀರಿನ ಮೇಲೆ ಇಳಿಯುತ್ತದೆ.

ಹಿಂದೂಪುರದವರಿಗೆ ಪರಿಚಯವಾದ ನೂಲು

ಆ ದಾರ ಯಾವುದೆಂದು ಬಲ್ಲಿರಾ? ರೇಷ್ಮೆ! ಹೆಣೆದ ರೇಷ್ಮೆಗೆ ಎಣ್ಣೆಯೂಡಿಸಿ ಮಾಡಿದ ದಾರಗಳೇ ಪ್ಲಾಸ್ಟಿಕ್ ಬರುವವರೆಗೆ ಬಳಕೆಯಲ್ಲಿದ್ದವು. ಪ್ರತಿದಿನ ಬಿಚ್ಚಿ ಒಣಗಿಸದಿದ್ದರೆ ಅವು ಕೊಳೆಯುತ್ತಿದ್ದವು. ದಾರದ ತುದಿಗೂ ಗಾಳಕ್ಕೂ ನಡುವೆ ಕಟ್ಟುವ, ನೀರಿನಲ್ಲಿ ಕಾಣದ ಎಳೆಯ ಕಥೆ ಇನ್ನೂ ವಿಚಿತ್ರವಾದುದು. ಗೂಡು ಕಟ್ಟಲು ಸಿದ್ಧವಾದ ರೇಷ್ಮೆಹುಳುವನ್ನು ಹುಳಿರಸದಲ್ಲಿ ನೆನೆಸಿ, ಅದರ ಹೊಟ್ಟೆಯೊಳಗಿನ ರೇಷ್ಮೆಯ ಕೋಶವನ್ನು ಹೊರತೆಗೆದು, ಒಂದೇ ಎಳೆಯಾಗಿ ಜಗ್ಗಿ ಒಣಗಿಸುತ್ತಿದ್ದರು. ಸ್ಪೇನ್ ದೇಶದ ಮೂರ್ಸಿಯಾ ಪ್ರಾಂತ ಈ ಕಸುಬಿಗೆ ಹೆಸರಾಗಿತ್ತು. ನೈಲಾನ್ ಬಂದ ಮೇಲೆ ಆ ಕಸುಬು ಅಳಿಯಿತು. ಹಿಂದೂಪುರದ ಮಾರುಕಟ್ಟೆಗೆ ಗೂಡು ಹೊತ್ತು ನಡೆದ ನಮ್ಮ ರೈತರಿಗೆ, ಹುಳು ಗೂಡು ಕಟ್ಟುವ ಮೊದಲೇ ಅದರ ನೂಲನ್ನು ತೆಗೆದ ಈ ಸಂಗತಿ ಸೋಜಿಗವೆನಿಸದಿರದು.

ಮಂಗಳೂರಿನಲ್ಲಿ ಅಚ್ಚಾದ ಗ್ರಂಥ

ಈ ಹವ್ಯಾಸವನ್ನು ಭಾರತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗೆ ಹೇಳಬೇಕಾದ ಹೆಸರು ಹೆನ್ರಿ ಸಲ್ಲಿವನ್ ಥಾಮಸ್ ಅವರದು. ಮದರಾಸು ಆಡಳಿತ ಸೇವೆಯ ಈ ಅಧಿಕಾರಿ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದರು. 1873ರಲ್ಲಿ ಅವರು ಬರೆದ ‘ದಿ ರಾಡ್ ಇನ್ ಇಂಡಿಯಾ’ ಮೊದಲು ಪ್ರಕಟವಾದುದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಕನ್ನಡ ಮುದ್ರಣಕ್ಕೆ ಅಪಾರ ಸೇವೆ ಸಲ್ಲಿಸಿದ ಬಾಸೆಲ್ ಮಿಷನ್ನಿನ ಪುಸ್ತಕಾಲಯದ ಮೂಲಕ. 1887ರಲ್ಲಿ ಅವರು ಕೆರೆಗಳಲ್ಲಿ ಗಾಳ ಹಾಕುವುದನ್ನು ಕುರಿತೇ ಮತ್ತೊಂದು ಪುಸ್ತಕ ಬರೆದರು. ಹೊಳೆ ಬತ್ತಿ ಕೆರೆಗಳನ್ನೇ ನಂಬಿದ ನಮ್ಮ ಸೀಮೆಯವರಿಗೆ ಈ ಎರಡನೆಯ ಪುಸ್ತಕವೇ ಹೆಚ್ಚು ಹತ್ತಿರದ್ದು.

ಥಾಮಸರು ಬರಿಯ ಬೇಟೆಗಾರರಾಗಿರಲಿಲ್ಲ. ದಕ್ಷಿಣ ಕನ್ನಡದ ಮೀನುಗಳ ಪೋಷಣೆಯ ಬಗ್ಗೆ 1870ರಲ್ಲಿಯೇ ವರದಿ ಬರೆದವರು ಅವರು. ಮುಂದೆ 1897ರ ಭಾರತೀಯ ಮೀನುಗಾರಿಕಾ ಕಾಯಿದೆಯು ನೀರಿಗೆ ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿತು.

ಅವರೆಲ್ಲರ ಕನಸಿನ ಮೀನು ಮಹಶೀರ್. ಕಾವೇರಿಯ ದಂಡೆಯವರು ಇದನ್ನು ಬಿಳಿಮೀನು ಎಂದು ಕರೆದರು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಇದರ ಬಳಗದ ಮೀನುಗಳನ್ನು ಭಕ್ತರು ದೇವರ ಮೀನುಗಳೆಂದು ಅಕ್ಕಿ, ಪುರಿ ಹಾಕಿ ಸಾಕಿದ್ದಾರೆ. ಕಾವೇರಿ ಮತ್ತು ಅದರ ಉಪನದಿಗಳ ಬಿಳಿಮೀನಿಗೆ ಬೆನ್ನಿನ ಮೇಲೆ ಡುಬ್ಬ. ಗಾತ್ರದಲ್ಲಿಯೂ ಅದು ದೈತ್ಯ. ಮೈಸೂರಿನಲ್ಲಿ ಪ್ರಾಣಿಗಳ ಚರ್ಮ ಹದಮಾಡಿ ಪ್ರತಿಕೃತಿ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರಲ್ಲಿ ಹಿಡಿದ ಮೀನು 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತು.

ಇಂತಹ ಮೀನಿಗೆ ಹುಸಿನೊಣ ಸಾಲದು. ಹುಸಿನೊಣಕ್ಕೆ ಬರುವವು ಸಾಮಾನ್ಯವಾಗಿ ಚಿಕ್ಕ ಮೀನುಗಳು. ಕಾವೇರಿಯ ದೈತ್ಯರನ್ನು ಒಲಿಸಿದ ಎರೆ ಯಾವುದೆಂದರೆ ಓದುಗರು ನಕ್ಕಾರು: ಗಟ್ಟಿಯಾಗಿ ಬೇಯಿಸಿದ ರಾಗಿಯ ಮುದ್ದೆ! ಆನಿಕ್‌ನ ರಾಟೆ, ಸ್ಪೇನಿನ ಎಳೆ ಎಲ್ಲ ಇದ್ದರೂ ಮೀನಿಗೆ ಬೇಕಾದುದು ನಮ್ಮ ಮನೆಯ ಊಟವೇ.

ಲೆಕ್ಕದ ಪುಸ್ತಕ ನುಡಿದ ಸಾಕ್ಷ್ಯ

ಸ್ವಾತಂತ್ರ್ಯಾನಂತರ ಈ ಮೀನು ಇನ್ನಿಲ್ಲವೆಂದೇ ಹಲವರು ಭಾವಿಸಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಬಂದ ಯುವಕರ ತಂಡವೊಂದು ಕಾವೇರಿಯಲ್ಲಿ ದೊಡ್ಡ ಮೀನುಗಳನ್ನು ಹಿಡಿದು ತೋರಿಸಿತು. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳದವರ ಶಿಬಿರಗಳು ನಡೆದವು. ಹಿಡಿದ ಮೀನನ್ನು ತೂಗಿ ಜೀವಂತವಾಗಿ ನೀರಿಗೆ ಬಿಡುವುದು ಅಲ್ಲಿಯ ನಿಯಮ. ಸಿಡಿಮದ್ದು ಹಾಕುವವರನ್ನು ದೂರವಿಡುವ ಕಾವಲೂ ಇತ್ತು. ಊರವರಿಗೆ ಮಾರ್ಗದರ್ಶಕರ ಕೆಲಸವೂ ದೊರೆಯಿತು. ವನ್ಯಧಾಮದ ವ್ಯಾಪ್ತಿಯಲ್ಲಿ ಗಾಳ ಹಾಕುವುದು ವನ್ಯಜೀವಿ ಕಾಯಿದೆಗೆ ವಿರುದ್ಧವೆಂದು 2012ರ ವೇಳೆಗೆ ಅದು ನಿಂತುಹೋಯಿತು.

ಶಿಬಿರ ಮುಚ್ಚಿದ ಮೇಲೆ ಉಳಿದುದು ಲೆಕ್ಕದ ಪುಸ್ತಕ. ಯಾವ ದಿನ ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಬಗೆಯ ಮೀನು ಸಿಕ್ಕಿತು, ಅದರ ತೂಕವೆಷ್ಟು ಎಂದು ಗಾಳಿಬೋರೆಯಲ್ಲಿ ಬರೆದಿಟ್ಟಿದ್ದರು. 1998ರಿಂದ 2012ರವರೆಗಿನ ಆ ಬರಹಗಳನ್ನು ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗ ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು ಮಹಶೀರ್‌ಗಳ ಸಂಖ್ಯೆ ಏರಿತ್ತು. ಆದರೆ ಏರಿದುದು ಹೊರಗಿನಿಂದ ತಂದು ಬಿಟ್ಟ ನೀಲಿ ಈಜುರೆಕ್ಕೆಯ ಜಾತಿ. ಕಾವೇರಿಯದೇ ಆದ ಡುಬ್ಬದ ಮೀನು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತ, ಸಿಕ್ಕವು ಮಾತ್ರ ಹೆಚ್ಚು ಹೆಚ್ಚು ದಪ್ಪವಾಗುತ್ತ ಬಂದಿದ್ದವು. ಇದರರ್ಥವೇನು? ಮುದುಕರು ಉಳಿದಿದ್ದಾರೆ, ಮರಿಗಳು ಹುಟ್ಟುತ್ತಿಲ್ಲ. ತೊಟ್ಟಿಲು ತೂಗದ ಮನೆಯಂತೆ.

ನೀಲಿರೆಕ್ಕೆಯ ಮರಿಗಳನ್ನು ಮೊಟ್ಟೆಯಿಂದ ಬೆಳೆಸಿ ನದಿಗಳಿಗೆ ಬಿಟ್ಟದ್ದು ಸದುದ್ದೇಶದಿಂದಲೇ. ಮಹಶೀರ್ ಉಳಿಯಲೆಂದು ಮಾಡಿದ ಆ ಕೆಲಸದಿಂದಲೇ ಕಾವೇರಿಯ ಸ್ವಂತ ಮಹಶೀರ್ ಬದಿಗೆ ಸರಿಯಿತೆಂಬುದು ಆ ವಿಜ್ಞಾನಿಗಳ ಶಂಕೆ. ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದುಗಳ ಪಾಲೂ ಇದೆ. ನೂರೈವತ್ತು ವರ್ಷ ಲೋಕವೆಲ್ಲ ಹೊಗಳಿದ ಈ ಮೀನಿಗೆ ಖಚಿತವಾದ ಶಾಸ್ತ್ರೀಯ ಹೆಸರು ನಿರ್ಧಾರವಾದುದೇ 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು.

ಇದನ್ನು ಓದಿದ ದಿನ ನಾನು ನೀರೊಲೆಗೆ ಹಾಕಿದ ಪುಸ್ತಕ ನೆನಪಾಯಿತು. ದೊಡ್ಡತಾತನ ಪೆನ್ಸಿಲ್ ಬರಹದಲ್ಲಿ ತಾರೀಖುಗಳಿದ್ದವು, ಅಂಕೆಗಳಿದ್ದವು. ತೋಟದ ಕೂಲಿಯ ಲೆಕ್ಕವಿರಬಹುದೆಂದು ನಾನು ಪುಟ ತಿರುವಲೂ ಇಲ್ಲ. ಅವು ಮೀನಿನ ತೂಕಗಳಾಗಿದ್ದವೇ? ಹೇಳುವವರು ಈಗ ಯಾರೂ ಇಲ್ಲ, ಅತ್ತೆಯವರೂ ತೀರಿಕೊಂಡರು. ಹಿತ್ತಾಳೆಯ ಕಪ್ಪು ಇನ್ನು ಕೆಲವು ದಶಕಗಳಲ್ಲಿ ತಾನಾಗಿ ಮರಳೀತು. ಆ ಪುಟಗಳು ಮರಳಲಾರವು.

ಇರುವವರಿಗೆ ಕೆಲವು ಕಿವಿಮಾತು

ತೋಟ, ರೈಲ್ವೆ, ಗಣಿ, ದೊರೆಗಳ ಕಚೇರಿಗಳಲ್ಲಿ ದುಡಿದ ಹಿರಿಯರ ಪೆಟ್ಟಿಗೆಗಳಲ್ಲಿ ಇಂತಹ ರಾಟೆಗಳು ಇನ್ನೂ ಇರಬಹುದು. ಸಿಕ್ಕರೆ ಉಜ್ಜಬೇಡಿ. ಹಳೆಯ ಹಿತ್ತಾಳೆಯ ಕಂದುಬಣ್ಣ ಕೊಳೆಯಲ್ಲ. ತಯಾರಕರೇ ಕೊಟ್ಟ ಲೇಪ, ಮೇಲೆ ಕಾಲ ಕೊಟ್ಟ ಲೇಪ. ಅದು ಹೋದರೆ ಸಂಗ್ರಾಹಕರ ಕಣ್ಣಿನಲ್ಲಿ ಬೆಲೆಯೂ ಹೋಗುತ್ತದೆ. ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಬಿಚ್ಚುವುದಾದರೆ ಕೆಳಗೆ ಬಿಳಿಯ ಬಟ್ಟೆ ಹಾಸಿಕೊಳ್ಳಿ. ಉದುರಿದ ಗುಂಡೊಂದು ಕಳೆದರೆ ರಾಟೆ ಕುಂಟುತ್ತದೆ. ಹಲ್ಲುಚಕ್ರಕ್ಕೆ ಹೊಲಿಗೆಯಂತ್ರದ ಎಣ್ಣೆ ಒಂದು ಹನಿ ಸಾಕು. ಒದ್ದೆ ದಾರವನ್ನು ಸುತ್ತಿಡಬೇಡಿ.

ಮಾರುವವರು ಒಂದು ವಿಷಯ ಅರಿಯಬೇಕು. ಹಳೆಯ ರಾಟೆಗಳ ಬಿಳಿಯ ಹಿಡಿ ಕೆಲವೊಮ್ಮೆ ಆನೆಯ ದಂತದ್ದು, ಕೆಲವೊಮ್ಮೆ ಕೃತಕ ದಂತದ್ದು. ದಂತದ ವ್ಯಾಪಾರ ನಮ್ಮ ದೇಶದಲ್ಲಿ ನಿಷಿದ್ಧ. ಬ್ರಿಟನ್ನಿನಲ್ಲಿಯೂ 2018ರ ಕಾಯಿದೆ ಅದನ್ನು ಬಹುಮಟ್ಟಿಗೆ ತಡೆದಿದೆ. ಬಲ್ಲವರಿಗೆ ತೋರಿಸದೆ ಬೆಲೆ ಮಾತನಾಡಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ರಾಟೆಯ ಜೊತೆಗಿರುವ ಕಾಗದವನ್ನು ಎಸೆಯಬೇಡಿ. ಪತ್ರ, ರಸೀದಿ, ಹರಿದ ಟಿಪ್ಪಣಿ ಏನೇ ಇರಲಿ, ಮೊದಲು ಓದಿರಿ. ಹಾರ್ಡಿಯ ರಾಟೆಗಳು ಜಗತ್ತಿನಲ್ಲಿ ಸಾವಿರಾರು ಇವೆ. ಒಂದು ಹೊಳೆಯ ಒಂದು ದಿನವನ್ನು ಕಂಡವರ ಬರಹ ಒಂದೇ ಇರುತ್ತದೆ.

ಕಳೆದ ಬಾರಿ ಮಳೆ ಚೆನ್ನಾಗಿ ಬಂದು ಕೆರೆ ತುಂಬಿದಾಗ, ಮೀನಿನ ಹಕ್ಕು ಪಡೆದವರ ಅಪ್ಪಣೆ ಕೇಳಿ, ಆ ರಾಟೆಯನ್ನು ಹೊಸ ಕೋಲಿಗೆ ಕಟ್ಟಿ ದಡದಲ್ಲಿ ನಿಂತೆ. ಹುಂಜದ ಗರಿಯಿಂದ ನಾನೇ ಸುತ್ತಿದ ನೊಣ ಹತ್ತು ಸಲ ನನ್ನ ಅಂಗಿಗೇ ಸಿಕ್ಕಿಕೊಂಡಿತು. ಸಂಜೆಗೆ ಅಂಗೈಯುದ್ದದ ಒಂದು ಜಿಲೇಬಿ ಮೀನು ಕಚ್ಚಿತು. ರಾಟೆ ‘ಕಿರ್ರ್’ ಎಂದಿತು. ಕೊಡಗಿನಿಂದ ಬಂದ ಮೇಲೆ ಅದಕ್ಕೆ ಅದೇ ಮೊದಲ ಮೀನಿರಬೇಕು. ಗಾಳ ಬಿಡಿಸಿ ಮೀನನ್ನು ನೀರಿಗೆ ಬಿಟ್ಟೆ.

ಮೊಮ್ಮಗಳು ಕೇಳಿದಳು: “ತಾತಾ, ಇಷ್ಟು ಸಣ್ಣದ್ದನ್ನೂ ಬರೆಯಬೇಕಾ?”

“ಬರಿಯಮ್ಮ,” ಎಂದೆ. ಅವಳು ಶಾಲೆಯ ಹಳೆಯ ನೋಟುಪುಸ್ತಕದಲ್ಲಿ ತಾರೀಖು ಹಾಕಿ, ನೀರು ಕಲ್ಲುಕಟ್ಟೆಯ ಮೂರನೆಯ ಮೆಟ್ಟಿಲಿನವರೆಗೆ ಇದೆ ಎಂದು ಬರೆದು, ಕೆಳಗೆ ಮೀನಿನ ಅಳತೆಯನ್ನು ಗುರುತು ಹಾಕಿದಳು. ಆ ಪುಸ್ತಕ ಈಗ ರಾಟೆಯ ಪೆಟ್ಟಿಗೆಯೊಳಗಿದೆ.